ಎರೆ ಕತ್ತರಿಸುವ ಚಾಕು

ನಮ್ಮ ಮನೆಯಲ್ಲಿ ಡಿಗ್ರಿ ಯಾರ ಕೈಯಲ್ಲೂ ಆಗುವುದಿಲ್ಲ ಎಂದವರು ಅಪ್ಪನ ಅಕ್ಕ, ನನ್ನ ಸೋದರತ್ತೆ. ಕಲಾಸಿಪಾಳ್ಯದ ಹತ್ತಿರ ಅವರದ್ದು ಮೀನಂಗಡಿ. ಬಿ.ಎಸ್ಸಿ. ಓದಿದ ಮೂರು ವರ್ಷವೂ ಬೆಳಿಗ್ಗೆ ಅಲ್ಲಿ ಮೀನು ಕೊಯ್ದು, ನಿಂಬೆಸಿಪ್ಪೆಯಲ್ಲಿ ಕೈ ಉಜ್ಜಿಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ.

ಕಡೆಯ ವರ್ಷ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ಸ್‌ಗೆ ಮೊದಲು ಒಂದು ತಯಾರಿ ಪರೀಕ್ಷೆ ಇಟ್ಟರು. ಮೀನಿನ ಹೊಟ್ಟೆ ಬಿಡಿಸಿ, ಒಳಗಿನ ಅಂಗಗಳನ್ನು ಇದ್ದಲ್ಲೇ ತೋರಿಸಬೇಕು. ನನ್ನ ಕೈಗೆ ಅದು ತಿಳಿಯಲಿಲ್ಲ. ಹೊಟ್ಟೆ ಸೀಳಿ, ಕಿವಿರಿನ ಕೆಳಗೆ ಎರಡು ಬೆರಳು ತೂರಿಸಿ, ಎಲ್ಲವನ್ನೂ ಒಂದೇ ಎಳೆತಕ್ಕೆ ಕಿತ್ತು ಪಕ್ಕಕ್ಕೆ ಹಾಕಿದೆ. ಮೇಷ್ಟ್ರು ಬಂದು ನೋಡಿ, “ಸಾರು ಮಾಡ್ತೀಯೇನಮ್ಮ?” ಎಂದರು. ಸೊನ್ನೆ. ನಿಜವಾದ ಪರೀಕ್ಷೆಯಲ್ಲೂ ಹೀಗಾದರೆ ಡಿಗ್ರಿ ಹೋದಂತೆಯೇ.

ಅಂಗಡಿಯ ಅಗಲ ಕತ್ತಿಯೇ ಕೈ ಕೆಡಿಸಿದೆ ಎಂದುಕೊಂಡು ಹೊಸ ಚಾಕು ತರಲು ಕಾಟನ್‌ಪೇಟೆಗೆ ಹೊರಟೆ. ಕರೆಯದಿದ್ದರೂ ಅತ್ತೆ ಜೊತೆಗೆ ಬಂದರು. ನಾನು ಫೇಲಾದರೆ ಮೀನು ಕೊಯ್ಯುವ ಕೈ ಅವರಿಗೇ ಉಳಿಯುತ್ತದೆ. ಅವರು ಬಂದದ್ದು ನನಗೆ ಹಿಡಿಸಲಿಲ್ಲ.

ಅಂಗಡಿಯವನು ಮುಳ್ಳಿನಿಂದ ಮಾಂಸ ಬಿಡಿಸುವ ಉದ್ದನೆಯ, ಬಳುಕುವ ಚಾಕುಗಳನ್ನು ಹರಡಿದ. ಎಲ್ಲ ಫಾರಿನ್ ಮಾಲು ಎಂದ. ಅತ್ತೆ ಒಂದರ ಅಲಗು ಬಾಗಿಸಿ ಬಿಟ್ಟರು. ಅದು ಸೊಟ್ಟಗೇ ಉಳಿಯಿತು. ಇನ್ನೊಂದನ್ನು ಉಗುರಿನ ಮೇಲಿಟ್ಟರು, ಕಚ್ಚದೆ ಜಾರಿತು. ಮೂರನೆಯದು ಬಾಗಿಯೂ ನೆಟ್ಟಗಾಯಿತು, ಉಗುರಿಗೂ ಕಚ್ಚಿತು. ನಾನು ಅದಕ್ಕೆ ಕೈ ಹಾಕಿದೆ. ಅತ್ತೆ ಅದನ್ನು ಬದಿಗೆ ಸರಿಸಿ, ಕೆರೆಗೆ ಗಾಳ ಹಾಕುವವರು ಎರೆ ಕತ್ತರಿಸಲು ಒಯ್ಯುವ ಅರ್ಧ ಬೆರಳುದ್ದದ ಅಲಗಿನ ಗಿಡ್ಡ ಚಾಕು ಎತ್ತಿಕೊಂಡರು. ಬೇಕೆಂದೇ ನನ್ನನ್ನು ಫೇಲು ಮಾಡಿಸಲು ನೋಡುತ್ತಿದ್ದೀರಾ ಎಂದು ಕೇಳಿಯೇಬಿಟ್ಟೆ.

“ಉದ್ದಂದು ಮಾಂಸ ಬಿಡಿಸೋಕೆ ಕಣೇ. ನಿಂಗೆ ಒಳಗಿಂದು ಉಳೀಬೇಕಲ್ವಾ? ಇದು ತೊಗಲು ದಾಟಿ ಆಳಕ್ಕೆ ಹೋಗಲ್ಲ.”

ನಂಬಲಿಲ್ಲ. ಮೂರು ದಿನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅದರಿಂದಲೇ ಮೀನು ಬಿಡಿಸಿ ನೋಡಿದೆ. ಕರುಳಿಗೂ ಪಿತ್ತಕ್ಕೂ ಒಂದು ಗೀರೂ ಬೀಳಲಿಲ್ಲ. ಪರೀಕ್ಷೆಗೆ ಅದನ್ನೇ ಒಯ್ದೆ; ರೂಢಿಯಂತೆ ಒಳಗೆ ತೂರದಿರಲೆಂದು ಎಡಗೈಯ ಎರಡು ಬೆರಳು ಮಡಿಚಿಕೊಂಡೇ ಕೆಲಸ ಮುಗಿಸಿದೆ. ಮನೆತನಕ್ಕೇ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಅತ್ತೆ ಕಾಲೇಜಿನ ಕಚೇರಿಯ ಕಿಟಕಿವರೆಗೂ ಬಂದರು. ಗುಮಾಸ್ತರು ಕೊಟ್ಟದ್ದನ್ನು ಅವರ ಕೈಗಿಟ್ಟು, ನನ್ನ ಹೆಸರು, ದರ್ಜೆ ಓದಿ ಹೇಳಿದೆ. ಓದು ಬಾರದ ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗಿಯತ್ತ ಚಾಚಿದರು.

“ನೀನೊಂದ್ಸಲ ಓದವ್ವ. ಇವ್ಳು ನಮ್ಮನೆಯೋಳು, ಜಾಸ್ತಿ ಹೇಳಿರ್ಬೋದು.”