ಎದುರುಮನೆಯ ಕೆಂಪು ಪಟ್ಟಿ

ನಮ್ಮ ನ್ಯೂಸ್ ಚಾನೆಲ್ಲಿನ ಕಚೇರಿ ಇರುವುದು ರಾಜಾಜಿನಗರದಲ್ಲಿ. ಪರದೆಯ ಕೆಳಗೆ ಓಡುವ ಕೆಂಪು ಪಟ್ಟಿಗೆ ಸಾಲು ಬರೆಯುವುದು ನನ್ನ ಕೆಲಸ. ಎದುರಿನ ಗೋಡೆಯ ತುಂಬ ಟಿವಿಗಳು, ಅವುಗಳಲ್ಲೆಲ್ಲ ಬೇರೆ ಚಾನೆಲ್‌ಗಳು. ನಮ್ಮ ಡೆಸ್ಕಿನ ಮುಖ್ಯಸ್ಥರು ನಮ್ಮ ಸುದ್ದಿಗಿಂತ ಆ ಗೋಡೆಯನ್ನೇ ಹೆಚ್ಚು ನೋಡುತ್ತಾರೆ. ಅದರಲ್ಲೂ ಒಂದು ಚಾನೆಲ್ ಕಂಡರೆ ಅವರಿಗೆ ಮೈಯೆಲ್ಲ ಉರಿ. ಅದಕ್ಕೆ ನಾವಿಟ್ಟ ಹೆಸರು ‘ಎದುರುಮನೆ’. ನಮ್ಮ ಅತ್ತೆ ಅತ್ತಿಗುಪ್ಪೆಯ ಮನೆಯಲ್ಲಿ ಕೂತು ನೋಡುವುದೂ ಅದನ್ನೇ. ಸೊಸೆಯ ಚಾನೆಲ್ ನೋಡಿದರೆ ಸೊಸೆ ತಲೆ ಮೇಲೆ ಕೂರುತ್ತಾಳೆ ಎಂಬ ಲೆಕ್ಕಾಚಾರ ಇರಬೇಕು.

ಆವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದೆ. ವರದಿಗಾರ ಫೋನ್ ಮಾಡಿದ. ನಾಯಂಡಹಳ್ಳಿಯ ಫೋಮ್ ಗೋಡೌನಿಗೆ ಬೆಂಕಿ. ಅವನಿನ್ನೂ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

“ಇಲ್ಲಿಂದ ಬರೀ ಹೊಗೆ ಕಾಣ್ತಿದೆ ಮೇಡಂ. ಒಳಗೆ ಮೂರು ಜನ ಇರಬಹುದು ಅಂತ ಆಟೋದವ್ರು ಹೇಳ್ತಾ ಇದಾರೆ.”

ಆ ಗೋಡೌನಿನ ಉಸ್ತುವಾರಿ ನನ್ನ ಗಂಡನದು. ಅಲ್ಲಿರುವುದೇ ಅವರು ಮತ್ತು ಇಬ್ಬರು ಲೋಡಿಂಗಿನವರು. ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. “ಬರೀರಿ, ಬೇಗ ಬರೀರಿ” ಎಂದು ಮುಖ್ಯಸ್ಥರು ಬೆನ್ನ ಹಿಂದೆ ನಿಂತರು. ‘ಮೂವರು ಸಿಲುಕಿರುವ ಶಂಕೆ’ ಎಂದು ಬರೆದೆ. ಶಂಕೆ ಅನ್ನುವುದು ನಮ್ಮ ಕಸುಬಿನ ಹೆಲ್ಮೆಟ್. ಅದಿಲ್ಲದೆ ನಾನು ಹೊರಗೆ ಕಾಲಿಡುವುದಿಲ್ಲ.

ಸ್ವಲ್ಪ ಹೊತ್ತಿಗೆ ಎದುರುಮನೆಯಲ್ಲಿ ‘ಬೆಂಕಿಯಲ್ಲಿ ಸಿಲುಕಿದ ಮೂವರು’ ಎಂದು ಬಂತು. ನಮ್ಮದನ್ನು ನೋಡಿಯೇ ಹಾಕಿದ್ದರು, ಶಂಕೆಯನ್ನು ಮಾತ್ರ ಕಿತ್ತೆಸೆದಿದ್ದರು. “ನೋಡಿ, ಅವರಿಗೆ ಕನ್ಫರ್ಮ್ ಆಗಿದೆ!” ಎಂದು ಮುಖ್ಯಸ್ಥರು ಕೂಗಿದರು. ನಮ್ಮ ನಿರೂಪಕ ತಡಮಾಡದೆ “ಮೂವರೂ ಬದುಕಿರುವ ಸಾಧ್ಯತೆ ಕಡಿಮೆ” ಎಂದುಬಿಟ್ಟ. ಅದು ಎದುರುಮನೆಗೆ ಹೋಗಿ ‘ಮೂವರ ಸಜೀವ ದಹನ’ ಆಗಿ ಗೋಡೆಯ ಮೇಲೆ ಬಂತು.

“ನಮ್ಮಲ್ಲೂ ಹಾಕಿ” ಎಂದರು ಮುಖ್ಯಸ್ಥರು.

“ಸಾರ್, ಅದು ನಮ್ಮಿಂದಲೇ ಹೋಗಿದ್ದು. ಆಟೋದವರ ಮಾತು ಬಿಟ್ರೆ ಯಾರ ಹತ್ರಾನೂ ಏನೂ ಇಲ್ಲ.”

“ಅವರು ಸುಮ್ಸುಮ್ನೆ ಹಾಕ್ತಾರೇನ್ರೀ?”

“ನನ್ನ ಗಂಡ ಅಲ್ಲಿದಾರೆ ಸಾರ್.”

ಅವರ ಮುಖ ಇಳಿಯಿತು. ಆಮೇಲೆ ಕಣ್ಣು ಗೋಡೆಯ ಕಡೆ ಹೋಯಿತು. ನನ್ನನ್ನು ಏಳಿಸಿ, ನನ್ನ ಕುರ್ಚಿಯಲ್ಲಿ ಕೂತು, ತಾವೇ ಟೈಪ್ ಮಾಡಿದರು.

ಆ ಸುದ್ದಿ ಹುಟ್ಟಿದ್ದೆಲ್ಲಿ, ಬೆಳೆದದ್ದು ಹೇಗೆ ಎಂಬುದೆಲ್ಲ ನನ್ನ ಕಣ್ಣೆದುರೇ ನಡೆದಿತ್ತು. ಆದರೂ ಎರಡು ಪರದೆಗಳು ಒಂದೇ ಮಾತು ಹೇಳತೊಡಗಿದಾಗ ನಾನು ನಂಬಿಬಿಟ್ಟೆ. ಅಷ್ಟು ಭಯ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ.

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. “ನಾನು ಕಣೇ. ಮೂರು ಜನನೂ ಊಟಕ್ಕೆ ಹೊರಗೆ ಹೋಗಿದ್ವಿ. ಫೋನ್ ಒಳಗೇ ಉಳೀತು. ಯಾರಿಗೂ ಏನೂ ಆಗಿಲ್ಲ. ಅಮ್ಮ ಮಾತ್ರ ಫೋನ್ ಎತ್ತುತ್ತಾ ಇಲ್ಲ.”

ಅಳುತ್ತಲೇ ಮುಖ್ಯಸ್ಥರಿಗೆ ಹೇಳಿದೆ. “ದೇವರು ದೊಡ್ಡವನು” ಎಂದು ಅವರೂ ಕಣ್ಣೊರೆಸಿಕೊಂಡರು, ಸುಳ್ಳಲ್ಲ. ಹಾಗಾದರೆ ಆ ಸಾಲು ತೆಗೆದು, ಮೂವರೂ ಬದುಕಿದ್ದಾರೆ ಎಂದು ಹಾಕಿ ಅಂದೆ.

“ಅಧಿಕೃತವಾಗಿ ಬರಲಿ” ಎಂದರು.

ಅವರಿಗೆ ಬಯ್ಯಲೂ ಪುರುಸೊತ್ತಿರಲಿಲ್ಲ. ಅತ್ತೆಗೆ ಬಿಪಿ ಇದೆ. ಆಟೋ ಹತ್ತಿದೆ. ವಿಜಯನಗರದ ಸಿಗ್ನಲ್ಲಿನಲ್ಲಿ ನಿಂತಾಗಲೂ ಫೋನ್ ಮಾಡುತ್ತಲೇ ಇದ್ದೆ. ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು, ನನ್ನದನ್ನು ಕಳಚದೆಯೇ ನುಗ್ಗಿದೆ. ಒಳಗೆ ಅಕ್ಕಪಕ್ಕದ ಹೆಂಗಸರ ನಡುವೆ ಅತ್ತೆ ಟಿವಿಯ ಮುಂದೆ ಕೂತಿದ್ದರು. ಅಳುತ್ತಿರಲಿಲ್ಲ. ಕಣ್ಣು ಪರದೆಯಲ್ಲೇ ನೆಟ್ಟಿತ್ತು. “ಅವರಿಗೇನೂ ಆಗಿಲ್ಲ ಅತ್ತೆ, ನಾನೇ ಮಾತಾಡಿದೆ” ಅಂದರೆ, “ಸಮಾಧಾನಕ್ಕೆ ಹೇಳ್ತೀಯ” ಎಂದರು.

ಮೈತುಂಬ ಹೊಗೆ ವಾಸನೆ ಹೊತ್ತು ನನ್ನ ಗಂಡ ಬಂದರು. ಅತ್ತೆ ಮಗನ ಮುಖ, ಭುಜ, ಎದೆ ಎಲ್ಲ ಸವರಿದರು. ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಟಿವಿಯ ಕಡೆ ತಿರುಗಿದರು.

“ನೋಯ್ತಾ ಇದೆ, ಬಿಡಮ್ಮ.”

“ನೀನು ಬದುಕಿದೀಯ ಅಂತ ಅವರು ಹೇಳಲಿ, ಬಿಡ್ತೀನಿ.”

ಎದುರುಮನೆಯಲ್ಲಿ ಅಷ್ಟೊತ್ತಿಗೆ ಆ ಸಾಲು ಮಾಯವಾಗಿ ಯಾವುದೋ ನಟಿಯ ಮದುವೆ ಓಡುತ್ತಿತ್ತು. ರಿಮೋಟ್ ತಗೊಂಡು ನಮ್ಮ ಚಾನೆಲ್ ಹಾಕಿದೆ. ಅಲ್ಲೂ ಅದೇ ಮದುವೆ.

“ಯಾವಾಗ ಹೇಳ್ತಾರೆ? ನೀನು ಅಲ್ಲೇ ಅಲ್ವೇನೇ ಕೆಲಸ ಮಾಡೋದು?” ಎಂದು ಅತ್ತೆ ನನ್ನ ಮುಖ ನೋಡಿದರು.

ಹೇಳುವುದಿಲ್ಲ ಅತ್ತೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವರ ಪಕ್ಕದಲ್ಲಿ ಕೂತು, ಗಂಡನ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ.