ಕಾರಣವಿಲ್ಲದ ಕೊಲೆ

ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿದ್ದಾಗ, ಕೆಳಗಿನ ಓನರ್ ಆಂಟಿ ಊರಿಗೆ ಹೋಗುವಾಗಲೆಲ್ಲ ಕುಂಡಗಳಿಗೆ ನೀರು ಹಾಕಲೆಂದು ಮನೆ ಕೀಯನ್ನು ನನಗೇ ಕೊಡುತ್ತಿದ್ದರು. ಆಮೇಲೆ ನಾವಿಬ್ಬರೂ ನೋಡುತ್ತಿದ್ದ ಕ್ರೈಮ್ ಸೀರಿಯಲ್‌ನಲ್ಲಿ, ಓನರಮ್ಮನಿಗೆ ವಾರಗಟ್ಟಲೆ ಗಂಜಿ ಕುಡಿಸಿದ ಬಾಡಿಗೆಯವಳೇ ಅವರ ಕತ್ತು ಹಿಸುಕಿದಳು. ದ್ವೇಷವಿಲ್ಲ, ದುರಾಸೆಯಿಲ್ಲ, ಕಥೆ ಮುಗಿಸಲು ಒಬ್ಬ ಕೊಲೆಗಾರ್ತಿ ಬೇಕಿತ್ತು, ಅಷ್ಟೇ. ಮುಂದಿನ ಸಲ ಊರಿಗೆ ಹೊರಟಾಗ ಆಂಟಿ ಕೀಯನ್ನು ಪರ್ಸಿಗೆ ಹಾಕಿಕೊಂಡರು.

“ಗಿಡಗಳಿಗೆ ನೀರು, ಆಂಟಿ?”

“ಬಿಡಮ್ಮ, ಒಣಗಿದ್ರೆ ಒಣಗ್ಲಿ. ಸೀರಿಯಲ್ ನೀನೂ ನೋಡ್ದೆ ತಾನೆ?”

“ಅವಳು ಯಾಕ್ ಕೊಂದ್ಲು ಅಂತ್ಲೇ ತೋರಿಸ್ಲಿಲ್ವಲ್ಲ ಆಂಟಿ!”

“ಅದೇ ಕಣಮ್ಮ ಭಯ. ಕಾರಣಾನೇ ಬೇಕಿಲ್ವಂತೆ.”

ನಕ್ಕು ಹೇಳಿದರೋ, ನೆನಪು ಆಮೇಲೆ ನಗು ಸೇರಿಸಿತೋ, ತಿಳಿಯದು. ಕಾರಣ ಹುಡುಕಲು ಸೋಮಾರಿಯಾದ ಯಾರೋ ಲೇಖಕನಿಂದಾಗಿ ನಾನು ನಮ್ಮ ಮೆಟ್ಟಿಲ ಮೇಲೇ ಶಂಕಿತೆಯಾಗಿ ನಿಂತಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ.