ಕೆಂಡದ ಮೇಲೊಂದು ತಾಟು

ಹೊಸಪೇಟೆಯ ನಮ್ಮ ಹಿತ್ತಲಲ್ಲಿಟ್ಟ ಕಮಾಡೊ ಎಂಬ ಮುಚ್ಚಳದ ಪಿಂಗಾಣಿ ಇದ್ದಿಲೊಲೆಯ ಹೊಗೆ ಗೋಡೆ ದಾಟಿದ್ದೇ ತಡ, ಮಾಂಸ ಮುಟ್ಟದ ಪಕ್ಕದ ಮನೆಯ ಗೌರಮ್ಮ ಬಂದು ನಿಂತರು. ಕೋಳಿಯ ಜಿಡ್ಡು ಕೆಂಡಕ್ಕೆ ಬಿದ್ದು ಹೊಗೆಯೇಳುತ್ತಿದೆ, ಜಿಡ್ಡು ಹಿಡಿಯಲು ಕೆಂಡಕ್ಕೂ ಕೋಳಿಗೂ ನಡುವೆ ಏನಾದರೂ ಇಡೋಣವೆಂದರೆ ನಮ್ಮ ತಟ್ಟೆಗಳೆಲ್ಲ ದೊಡ್ಡವು, ಗಾಳಿಯಾಡುವುದಿಲ್ಲ ಎಂದು ಅಳುಕುತ್ತಲೇ ಹೇಳಿದೆ. ಮನೆಯೊಳಗೆ ಹೋದವರು ಎತ್ತರದ ಅಂಚಿನ ಪುಟ್ಟ ಸ್ಟೀಲ್ ತಾಟು ತಂದರು. ತೀರಿಹೋದ ಯಜಮಾನರ ಹೆಸರನ್ನು ಅದರ ಮೇಲೆ ಕೆತ್ತಿಸಿದ್ದರು.

“ಇದನ್ನ ಇಡವಾ, ವಾಪಸ್ ಬ್ಯಾಡ. ನಮ್ಮೋರು ಕೆಲಸ ಐತಂತ ಸಂಡೂರಿಗೆ ಹೋಗಿ ಕೋಳಿ ತಿಂದು ಬರ್ತಿದ್ರು. ನನಗ ಗೊತ್ತಿಲ್ಲ ಅಂದ್ಕೊಂಡಿದ್ರು, ಪಾಪ.”

ತಾಟು ಹೇಳಿ ಮಾಡಿಸಿದಂತೆ ಕೂತಿತು, ಹೊಗೆ ನಿಂತಿತು. ಈಗಲೂ ಕೋಳಿ ಸುಡುವ ದಿನ ಗೌರಮ್ಮ ಗೋಡೆಯಾಚೆಯಿಂದ ಕೇಳುತ್ತಾರೆ: “ಅವ್ರಿಗೆ ತಾಟು ಇಟ್ಟಿಯೇನವಾ?”